ಬೋರಣ್ಣನ ಮಬ್ಬು

ಬೋರಣ್ಣನ ಬಲಗಾಲಿನ ಹೆಬ್ಬೆರಳಿಗೆ ಇಡಿಯ ಉಗುರಿದ್ದದ್ದನ್ನು ಈ ಹದಿನೆಂಟು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಕತ್ತನ್ನು ಹಿಂದಕ್ಕೆ ಚೆಲ್ಲಿ, ಬಣ್ಣದ ಕಲೆಗಳಲ್ಲಿ ತನ್ನ ಮೂಲವರ್ಣವನ್ನೇ ಮರೆತ ಖಾಕಿ ಕೋಟಿನ ಜೇಬುಗಳಿಗೆ ಎರಡೂ ಕೈ ತುರುಕಿ, ಆಕಾಶದ ತಪಾಸಣೆಗೆ ಬಂದ ಅಧಿಕಾರಿಯ ಗತ್ತಿನಲ್ಲಿ ಚಳ್ಳಕೆರೆಯ ಬೀದಿಗಳಲ್ಲಿ ನಡೆಯುವ ಈ ಮನುಷ್ಯ ದಿನಕ್ಕೊಂದು ಕಲ್ಲನ್ನಾದರೂ ಎಡವುತ್ತಾನೆ. ಎಡವಿದರೆ ಕಲ್ಲಿಗೆ ಬೈಯುತ್ತಾನೆಯೇ ಹೊರತು ಕತ್ತು ಬಗ್ಗಿಸುವುದಿಲ್ಲ.

ವೃತ್ತಿಯಿಂದ ಅವನು ಪೇಂಟರ್. ಮೊಳಕಾಲ್ಮುರಿನ ಸೀರೆ ಅಂಗಡಿಗಳ ಬೋರ್ಡಿನಿಂದ ಹಿಡಿದು ನಾಯಕನಹಟ್ಟಿಯ ಹೋಟೆಲುಗಳ ತಿಂಡಿಪಟ್ಟಿಯವರೆಗೆ ಒಂದು ಕಾಲಕ್ಕೆ ಎಲ್ಲವೂ ಅವನ ಕೈಬರಹವೇ. ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಕೆಲಸ ತಪ್ಪಿತು. ಹುಟ್ಟಿದ್ದು ಆಂಧ್ರದ ಗಡಿಯಂಚಿನ ಸಿದ್ದಾಪುರದ ಕಡೆ. ಮನೆಯೊಳಗೆ ಅರ್ಧ ತೆಲುಗು, ಅರ್ಧ ಕನ್ನಡ. ಮೋಡಕ್ಕೆ ಅವನು ಇಂದಿಗೂ 'ಮಬ್ಬು' ಎನ್ನುತ್ತಾನೆ. ತೆಲುಗಿನವರಿಗೆ ಮಬ್ಬೆಂದರೆ ಮೋಡ, ಕನ್ನಡದವರಿಗೆ ಮಬ್ಬೆಂದರೆ ಮಂಕುಗತ್ತಲೆ. ಬೋರಣ್ಣನಿಗೆ ಇವೆರಡೂ ಒಂದೇ ವಸ್ತು. ಒಮ್ಮೆ ತಿದ್ದಲು ಹೋದೆ. "ಅದಲ್ಲ ಮೇಷ್ಟ್ರೇ," ಎಂದ. ಅವನ ಮಾತೆಲ್ಲ ಆರಂಭವಾಗುವುದು ಈ 'ಅದಲ್ಲ'ದಿಂದಲೇ. "ಕತ್ಲೆ ಮಾಡ್ದಿದ್ರೆ ಅದು ಮಬ್ಬು ಹೆಂಗಾಗ್ತೈತೆ?" ನಿವೃತ್ತ ಕನ್ನಡ ಅಧ್ಯಾಪಕನಾದ ನಾನು ಅಂದಿನಿಂದ ಅವನನ್ನು ತಿದ್ದುವುದನ್ನು ಬಿಟ್ಟೆ.

ಈ ಒಂದು ಪದವೇ ಕಳೆದ ವರ್ಷ ಅವನನ್ನು ಪೇಚಿಗೆ ಸಿಕ್ಕಿಸಿತು. ಊರಾಚೆಯ ಪುಟ್ಟ ಚರ್ಚಿನ ಪೀಠದ ಹಿಂದಿನ ಗೋಡೆಯ ಮೇಲೆ, ಮೋಡಗಳ ನಡುವೆ ಮರಳಿ ಬರುವ ಕ್ರಿಸ್ತನನ್ನು ಬರೆಯುವ ಕೆಲಸ ಅವನ ಪಾಲಿಗೆ ಬಂತು. ಎರಡು ವರ್ಷಗಳಲ್ಲಿ ಸಿಕ್ಕ ಮೊದಲ ಗೋಡೆ ಅದು. ಕೈತಪ್ಪಿದರೆ ಇನ್ನೊಂದು ಸಿಕ್ಕುವ ಭರವಸೆ ಅವನಿಗಿರಲಿಲ್ಲ. ಹತ್ತು ದಿನ ಕೂತು ಬರೆದ. ಕ್ರಿಸ್ತನ ಸುತ್ತ ಬರೆದದ್ದು ಮಾತ್ರ ಆರ್ದ್ರೆಯ ಮಳೆಗೆ ಮುನ್ನ ದಿಗಂತದಲ್ಲಿ ಎದ್ದುನಿಲ್ಲುವಂಥ ಕಾರ್ಮೋಡ.

ಫಾದರ್ ಲಿಗೋರಿ ಕರಾವಳಿಯವರು, ಸಜ್ಜನರು. ನೋಡಿದವರೇ ಬೆಚ್ಚಿಬಿದ್ದರು. "ಇಂಥ ಮೋಡ ಕಂಡರೆ ನಮ್ಮ ಊರಲ್ಲಿ ದೋಣಿ ಇಳಿಸುವುದಿಲ್ಲ ಮಾರಾಯ್ರೆ! ದೇವರು ಬರುವಾಗ ಹತ್ತಿಯ ಹಾಗೆ ಬೆಳ್ಳಗಿರಬೇಕು."

"ಅದಲ್ಲ ಫಾದರ್, ಮಳೆ ಬಂದ್ರೆ ಕೇಡಲ್ಲ, ಮಗ ಉಂಡ್ರೆ ಕೇಡಲ್ಲ ಅಂತಾರೆ ಮಳೆ ಕಾಣದ ನಮ್ ಸೀಮೆಯೋರು," ಎಂದ ಬೋರಣ್ಣ. ಫಾದರ್ ಒಪ್ಪಲಿಲ್ಲ. ಭಾನುವಾರ ಬಿಷಪ್ಪರು ಬರುವವರಿದ್ದರು. ಅಷ್ಟರೊಳಗೆ ಮೋಡ ಬಿಳಿಯಾಗಬೇಕು, ಇಲ್ಲವಾದರೆ ಗೋಡೆಗೆ ಫ್ಲೆಕ್ಸ್ ಹೊದಿಸುವುದು ಅನಿವಾರ್ಯ ಎಂದರು.

ಬೋರಣ್ಣ ಒಂದು ಬೈಬಲ್ ಇಸಕೊಂಡು ನೇರ ನನ್ನ ಮನೆಗೆ ಬಂದ. "ಓದ್ರಿ ಮೇಷ್ಟ್ರೇ. ಮಬ್ಬು ಎಲ್ಲೆಲ್ಲಿ ಐತೋ ಅಷ್ಟೇ ಓದ್ರಿ." ನಾನೇನೂ ಭಕ್ತನಲ್ಲ, ಆದರೆ ಪಾಠ ಹೇಳುವ ಚಟ ಪಿಂಚಣಿಯ ಜೊತೆಗೆ ನಿಲ್ಲುವಂಥದ್ದಲ್ಲ. ಮೂರು ಮಧ್ಯಾಹ್ನ ಓದಿದೆ, ಅವನು ಜಗಲಿಯ ಮೇಲೆ ಕೂತು ಕೇಳಿದ. ಮರುಭೂಮಿಯಲ್ಲಿ ಜನರಿಗೆ ದಾರಿ ತೋರಿಸುತ್ತ ಮುಂದೆ ನಡೆದ ಮೇಘಸ್ತಂಭ. ಸೀನಾಯಿ ಬೆಟ್ಟದ ಮೇಲೆ ದೇವರಿದ್ದ ಗಾಢಾಂಧಕಾರದೊಳಕ್ಕೆ ಒಬ್ಬನೇ ಹೆಜ್ಜೆಯಿಟ್ಟ ಮೋಶೆ. ವರ್ಷಗಟ್ಟಲೆ ಮಳೆಯಿಲ್ಲದ ನಾಡಿನಲ್ಲಿ ಎಲೀಯ ಪ್ರವಾದಿಯ ಕಾಲಕ್ಕೆ ಸಮುದ್ರದಿಂದೆದ್ದ ಅಂಗೈಯಗಲದ ಮೋಡ. ಎಲೀಯನ ಕಥೆಯನ್ನು ಎರಡು ಸಲ ಓದಿಸಿಕೊಂಡ. ಕೊನೆಯ ಪುಟಗಳಲ್ಲಿ, ಸುಳ್ಳು ಬೋಧಕರನ್ನು ನೀರಿಲ್ಲದ ಮೋಡಗಳೆಂದು ಹಳಿದದ್ದು ಬಂದಾಗ ತೊಡೆ ತಟ್ಟಿ, "ಇದ್ನ ಬರ್ದ ಪುಣ್ಯಾತ್ಮ ನಮ್ಮ ಕಡೆಯೋನೇ ಇರ್ಬೇಕು ತಗಳ್ರಿ," ಎಂದ.

ಅಲ್ಲಿಗೇ ನಿಲ್ಲಿಸಿದ್ದರೆ ಅವನ ವಾದ ಗೆದ್ದಂತೆಯೇ ಇತ್ತು. ಆದರೆ ಬೆಟ್ಟದ ತುದಿಯಲ್ಲಿ ಕ್ರಿಸ್ತನ ರೂಪವೇ ಬದಲಾದ ಪ್ರಸಂಗವೊಂದನ್ನು ನಾನು ಓದದೆ ಬಿಟ್ಟಿದ್ದೆ. ಅಲ್ಲಿ ಶಿಷ್ಯರನ್ನು ಕವಿದ ಮೋಡ ಪ್ರಕಾಶಮಾನವಾದದ್ದು. ಮುಚ್ಚಿಡಲು ಮನಸ್ಸು ಬರದೆ ಅದನ್ನೂ ಓದಿದೆ. "ಇಲ್ಲಿ ಫಾದರ್ ಹೇಳಿದ್ದು ಸರಿ ಐತೆ," ಎಂದು ಬೋರಣ್ಣ ಎದ್ದುಹೋದ. ತನ್ನ ವಾದವನ್ನು ತಾನೇ ಸೋಲಿಸಿಕೊಳ್ಳುವ ಇಂಥ ಪ್ರಾಮಾಣಿಕತೆಯನ್ನು ನನ್ನ ಸಹೋದ್ಯೋಗಿ ಪಂಡಿತರಲ್ಲಿ ನಾನು ಕಂಡದ್ದು ಕಡಿಮೆ.

ಮರುದಿನ ಕಾರ್ಮೋಡದ ಒಡಲಿಗೆ ಬೆಳಕು ತುಂಬಿದ. ಅಂಚಿನಲ್ಲಿ ಬೆಳ್ಳಿ, ಒಳಗೆ ಹೊನ್ನು. ಕಪ್ಪು ಮಾತ್ರ ಹಾಗೆಯೇ ಉಳಿಯಿತು. "ಪುಸ್ತಕದಾಗೆ ಇರೋದಷ್ಟನ್ನೂ ಹಾಕೀನಿ ಫಾದರ್. ಇದ್ರ ಮ್ಯಾಲೆ ಬಿಳೇ ಬಣ್ಣ ನನ್ ಕೈಲಿ ಬಳಿಯಾಕಾಗಲ್ಲ. ಬೇಕಾದ್ರೆ ಮುಚ್ಕೊಳ್ರಿ."

ಶನಿವಾರ ಮಧ್ಯಾಹ್ನ ಫ್ಲೆಕ್ಸ್ ಬಂದೇ ಬಿಟ್ಟಿತು. ಬೋರಣ್ಣ ಕುಂಚಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವನ ಜೊತೆ ಹೋಗಿದ್ದ ನಾನು ಅದನ್ನು ನೋಡಲಾರದೆ ಬೇರೆ ಕಡೆ ತಿರುಗಿಕೊಂಡೆ. ಆ ಚರ್ಚಿಗೆ ಬರುವವರಲ್ಲಿ ಹಿರಿಯಳು ನಿಂಗಕ್ಕ, ಆಯುಷ್ಯವಿಡೀ ಕಳೆ ಕಿತ್ತು ಕೂಲಿ ಮಾಡಿದವಳು, ನೆಲ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಗೋಡೆಯ ಮುಂದೆ ಬಂದು ನಿಂತಳು.

"ಯಾಕೆ ಮುಚ್ತೀರಿ ಫಾದರ್?"

"ಬಿಳಿ ಮೋಡದ್ದು ಹಾಕಿಸ್ತೇವೆ ನಿಂಗಕ್ಕ."

"ಬಿಳೇ ಮೋಡ ನನ್ ತಲೆ ಮ್ಯಾಲೆ ಎಷ್ಟು ಬಂದು ಹೋಗಿಲ್ಲ! ಒಂದ್ರಾಗೂ ಯಾರೂ ಬರ್ಲಿಲ್ಲ. ಇಂಥದ್ರಾಗೆ ಬರ್ತಾನೆ ಅನ್ರಿ, ನಂಬ್ತೀನಿ."

ಫಾದರ್ ಆ ಮುದುಕಿಯ ಮುಖವನ್ನು ನೋಡಿದರು, ಗೋಡೆಯನ್ನು ನೋಡಿದರು. ಆಮೇಲೆ ಫ್ಲೆಕ್ಸನ್ನು ತಾವೇ ಸುತ್ತತೊಡಗಿದರು. ನನಗೆ ಕಣ್ಣು ತುಂಬಿ ಬಂತು; ಬೋರಣ್ಣ ಮಾತ್ರ ಏನೂ ಆಗದವನಂತೆ ಚೀಲದಿಂದ ಕುಂಚ ಹೊರತೆಗೆದು, ಮೋಡದ ಒಂದು ಅಂಚನ್ನು ಇನ್ನಷ್ಟು ಕಪ್ಪು ಮಾಡಲು ಏಣಿ ಹತ್ತಿದ.

ತಮ್ಮದಲ್ಲದ ದೇವರನ್ನು ಬರೆಯುವವರಲ್ಲಿ ಹೇಳಿದಷ್ಟು ಬರೆದು ಹೋಗುವವರೇ ಹೆಚ್ಚು. ಬೋರಣ್ಣನ ಜಾತಿಯವರು ಅಪರೂಪ: ಈ ದೇವರು ನಿಜವಾಗಿಯೂ ಬಂದರೆ ಹೇಗೆ ಬಂದಾನು ಎಂದು ಯೋಚಿಸಿ ಬರೆಯುತ್ತಾರೆ. ಅವನು ಯಾರ ಮನೆಯ ದೇವರು ಎಂಬುದು ಅವರಿಗೆ ದೊಡ್ಡ ಪ್ರಶ್ನೆಯಲ್ಲ. ಇಷ್ಟು ದಿನ ಕಾಯಿಸಿದವನು ಬರಿಗೈಲಿ ಬರಬಾರದು, ಅಷ್ಟೆ.