ಗೋಡೆಯಾಚೆಯ ಒಂದು ಮೊಳ

"ಎಡಕ್ಕೆ ರೀ, ಎಡಕ್ಕೆ! ನನ್ನ ಎಡ ಅಲ್ಲ, ನಿಮ್ಮ ಎಡ!"

"ಮದುವೆಯಾದಾಗಿಂದ ನಂಗೆ ಸ್ವಂತ ಎಡ ಅಂತ ಎಲ್ಲಿದೆ ಹೇಳು," ಎಂದು ಫೋನಿನೊಳಗಿನ ಗಂಡ ಗೊಣಗುತ್ತಲೇ ಅಳತೆಯ ಕೋಲನ್ನು ಸರಿಸಿ ನೆಟ್ಟಗೆ ಹಿಡಿದ. ಇತ್ತ ಮನೆಯ ಕೋಣೆಯಲ್ಲಿ, ದಿಂಬಿನ ಮೇಲೆ ಕಾಲು ಚಾಚಿ ಕೂತಿದ್ದ ಸರ್ವೇಯರಮ್ಮನ ಕಂಪ್ಯೂಟರಿನಲ್ಲಿ ಹೊಸ ಚುಕ್ಕೆಯೊಂದು ಮೂಡಿತು. ದಿಬ್ಬದಿಂದ ಜಾರಿ ಮಂಡಿ ಮುರಿದುಕೊಂಡ ಮೇಲೆ ಲೈಸೆನ್ಸು ಅವಳದು, ಓಡಾಟ ಗಂಡನದು.

ಗಂಡ ಅಳೆಯುತ್ತಿದ್ದ ಮನೆಯನ್ನು ಮಾರುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಕೊಳ್ಳಲು ಬಂದವಳು ಒಬ್ಬ ನರ್ಸ್. ಅಮ್ಮನನ್ನು ಕರೆದುಕೊಂಡು ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಬೇಸತ್ತವಳು. ಎಲ್ಲ ಕುದುರಿತು ಎನ್ನುವಾಗ ಪಕ್ಕದ ಮನೆಯ ಟೈಲರ್, ಮೇಷ್ಟ್ರ ಅಡುಗೆಮನೆ ಗೋಡೆ ತನ್ನ ಜಾಗದಲ್ಲಿದೆ ಎಂದು ತಕರಾರು ತೆಗೆದಿದ್ದ.

"ಅವನದು ಇದ್ದದ್ದೇ ಬಿಡಮ್ಮ. ಜಗಳಗಂಟ ಅಂತ ಇಡೀ ಬೀದಿಗೆ ಗೊತ್ತು," ಎಂದಿದ್ದರು ಮೇಷ್ಟ್ರು.

ಸರ್ವೇಯರಮ್ಮ ಚುಕ್ಕೆಗಳನ್ನು ಸೇರಿಸಿದಳು. ಎಲ್ಲೆಯ ಗೆರೆ ಅಡುಗೆಮನೆಯ ಒಳಗೇ ಹಾದುಹೋಯಿತು. ಮತ್ತೊಮ್ಮೆ ಅಳೆಸಿದಳು. ಗೆರೆ ಜಪ್ಪಯ್ಯ ಎನ್ನಲಿಲ್ಲ. ಗೋಡೆ ಪೂರಾ ಒಂದು ಮೊಳ ಆಚೆಗಿತ್ತು. ನರ್ಸ್ ಆಗಲೇ ಒಲೆ ಎಲ್ಲಿಡಬೇಕೆಂದು ನೋಡಿಕೊಳ್ಳುತ್ತಿದ್ದುದು ತೆರೆಯಲ್ಲಿ ಕಾಣುತ್ತಿತ್ತು.

"ರೀ, ಎಲ್ರನ್ನೂ ಕರೀರಿ. ಸ್ಪೀಕರ್ ಹಾಕಿ." ಎಲ್ಲರೂ ಬಂದ ಮೇಲೆ ಸರ್ವೇಯರಮ್ಮ ಹೇಳಿಬಿಟ್ಟಳು: "ಟೈಲರ್ ಹೇಳಿದ್ದೇ ಸರಿ. ಗೋಡೆ ಅವರ ಜಾಗದಲ್ಲಿದೆ."

ಮೇಷ್ಟ್ರು ಹೊಸ್ತಿಲ ಮೇಲೆ ಕುಸಿದು ಕೂತರು. "ಅಮ್ಮಂಗೆ ಏನಂತ ಹೇಳ್ಲಿ ಈಗ?" ಎಂದಳು ನರ್ಸ್.

ಟೈಲರ್ ಮಾತ್ರ ಫೋನಿನ ಹತ್ತಿರ ಬಂದ. "ಇನ್ನೊಂದ್ಸಲ ಹೇಳಿ ಮೇಡಂ. ಸ್ವಲ್ಪ ಜೋರಾಗಿ."

ಅವಳು ಹೇಳಿದಳು. ಅವನು ತೋಳಿನಿಂದ ಕಣ್ಣೊರೆಸಿಕೊಂಡ. "ಗೋಡೆ ಒಡೆಸೋ ಆಸೆ ನಂಗೆ ಯಾವತ್ತೂ ಇರ್ಲಿಲ್ಲ. ಇಷ್ಟು ವರ್ಷ ಸುಳ್ಳುಗಾರ ಅನ್ನಿಸ್ಕೊಂಡೆನಲ್ಲ, ಅದೇ ಹೊಟ್ಟೆ ಉರಿಸ್ತಿತ್ತು."

ಸರ್ವೇಯರಮ್ಮ ನಕ್ಷೆಯನ್ನು ಹಿಗ್ಗಿಸಿ ನೋಡಿದಳು. "ಮೇಷ್ಟ್ರೇ, ನಿಮ್ಮ ಹಿತ್ತಲಲ್ಲಿ, ಅವರ ಬೇಲಿ ಪಕ್ಕ ಅಷ್ಟೇ ಜಾಗ ಖಾಲಿ ಬಿದ್ದಿದೆ. ಅದನ್ನ ಅವರಿಗೆ ಬಿಟ್ಕೊಡಿ, ಗೋಡೆ ಇದ್ದಲ್ಲೇ ಇರಲಿ. ಇಬ್ರೂ ಒಪ್ಪಿ ರಿಜಿಸ್ಟರ್ ಮಾಡಿಸೋದಾದ್ರೆ ಹೊಸ ನಕ್ಷೆ ನಾನು ಬರೆದುಕೊಡ್ತೀನಿ."

ಟೈಲರ್ ತಲೆಯಾಡಿಸಿದ. ಮೇಷ್ಟ್ರು ಎದ್ದು ಬಂದು ಅವನ ಕೈ ಹಿಡಿದರು. "ನಿನ್ನ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ ಕಣಪ್ಪ ನಾನು," ಎಂದರು.

ಗಂಡ ಎಂದಿನಂತೆ ಕರೆ ಕತ್ತರಿಸುವುದನ್ನು ಮರೆತು, ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಅಳತೆಯ ಸಾಮಾನು ಕಟ್ಟತೊಡಗಿದ. ತೆರೆಯಲ್ಲಿ ನರ್ಸ್ ಕಿಟಕಿ ತೆರೆದಳು. ಆಚೆ ನಿಂತಿದ್ದ ಟೈಲರ್, ಯಾರೂ ಕೇಳದಿದ್ದರೂ ಕೊರಳಲ್ಲಿದ್ದ ಟೇಪು ತೆಗೆದು ಒಂದು ತುದಿ ಅವಳ ಕೈಗಿತ್ತ.

"ಹಿಡ್ಕೊಳ್ಳಮ್ಮ. ಪರದೆ ಬೇಕಲ್ಲ ಇದಕ್ಕೆ."

ಟೇಪು ನಡುವೆ ಜೋತುಬಿದ್ದಿತ್ತು. ಬಿಗಿಯಾಗಿ ಹಿಡೀರಿ, ಅಳತೆ ತಪ್ಪುತ್ತೆ ಎನ್ನಲು ಸರ್ವೇಯರಮ್ಮ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು, ಆ ಅಳತೆ ಮುಗಿಯುವವರೆಗೂ ನೋಡುತ್ತ ಕೂತಳು.