ಕೋಟಿನ ಜೇಬಿನ ಶೇಂಗಾ

ಗಿಡ್ಡಮ್ಮ ಟೀಚರ್ ಕಾಯುವುದನ್ನು ಕಣ್ಣಾರೆ ನೋಡದವರಿಗೆ, ಕಾಯುವುದೂ ಒಂದು ಕೆಲಸವೆಂದರೆ ನಂಬಿಕೆ ಬರುವುದು ಕಷ್ಟ. ಪ್ರಶ್ನೆ ಕೇಳಿದ ಮೇಲೆ ಕುರ್ಚಿಯನ್ನು ಆ ಮಗುವಿನ ಬೆಂಚಿನ ಪಕ್ಕಕ್ಕೇ ಎಳೆದುಕೊಂಡು ಕೂತು, ಕೋಟಿನ ಎಡಜೇಬಿನಿಂದ ಒಂದೊಂದೇ ಶೇಂಗಾಕಾಯಿ ತೆಗೆದು ಸುಲಿಯುತ್ತ, ಸಿಪ್ಪೆಯನ್ನು ಬಲಜೇಬಿಗೆ ಹಾಕುತ್ತ, ಕಾಳನ್ನು ಅಂಗೈಯಲ್ಲಿ ಕೂಡಿಡುತ್ತ, ಅವಸರದ ಒಂದು ಗೆರೆಯೂ ಮುಖದಲ್ಲಿ ಮೂಡದಂತೆ ಅವರು ಕಾಯುತ್ತಿದ್ದರು. ಉತ್ತರ ಬಂದ ಮೇಲೆ ಕಾಳೆಲ್ಲ ಉತ್ತರ ಹೇಳಿದವರಿಗೆ. ಥಟ್ಟನೆ ಹೇಳಿದ ಜಾಣರಿಗೆ ಸಿಗುತ್ತಿದ್ದದ್ದು ಒಂದೆರಡು ಕಾಳು. ತಡವರಿಸಿ ತಡವರಿಸಿ ಕೊನೆಗೂ ಹೇಳಿದವರಿಗೆ ಹಿಡಿ ತುಂಬ. ದಡ್ಡರ ಸಾಲಿನಲ್ಲಿ ಕೂರುತ್ತಿದ್ದ ನಮಗೆ ಈ ನ್ಯಾಯ ಬಹಳ ಹಿಡಿಸಿತ್ತು.

ಹೆಸರು ಗಿಡ್ಡಮ್ಮ, ಎತ್ತರವೋ, ನಮ್ಮ ಕೂಡ್ಲಿಗಿಯ ಶಾಲೆಯ ಬಾಗಿಲು ಬಂದಾಗಲೆಲ್ಲ ತಲೆ ಬಗ್ಗಿಸಬೇಕಾದಷ್ಟು. ಉದ್ದುದ್ದ ಹೆಜ್ಜೆ ಹಾಕಿ ಬರುವರು, ಏನೋ ಹೊಳೆದರೆ ರಸ್ತೆಯ ನಡುವೆಯೇ ನಿಂತುಬಿಡುವರು, ಹಿಂದೆ ಬಂದ ಆಟೋದವನು ಹಾರನ್ ಹೊಡೆದು ಹೊಡೆದು ಸೋಲುವನು. ಮೈಮೇಲೆ ಸೀರೆ, ಸೀರೆಯ ಮೇಲೆ ಕಂದು ಬಣ್ಣದ ಗಂಡಸರ ಕೋಟು, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ. ಮಗಳಿಗೆ ಇಂಗ್ಲಿಷ್ ಕಲಿಸುವ ನೌಕರಿ ಸಿಕ್ಕಿತೆಂದು ತಂದೆ ಗಾಳೆಪ್ಪನವರು ಸಂತೆಯಿಂದ ಹುಡುಕಿ ತಂದ ಕೋಟು ಅದು. ಕೂಲಿ ಮಾಡಿ ಬೆಳೆದ ಆ ಹಿರಿಯರಿಗೆ ಇಂಗ್ಲಿಷಿನವರು ಕೋಟು ಹಾಕುತ್ತಾರೆಂಬುದೊಂದು ಗೊತ್ತಿತ್ತು; ಹೆಂಗಸರ ಕೋಟು ಬೇರೆ ಇರುತ್ತದೆಂಬುದು ಗೊತ್ತಿರಲಿಲ್ಲ. ನಕ್ಕವರ ಮುಂದೆಯೂ ಟೀಚರ್ ಅದನ್ನು ಕಳಚಲಿಲ್ಲ. ಆ ಕೋಟನ್ನು ನೆನೆದರೆ ಈಗಲೂ ನನ್ನ ಮನಸ್ಸು ಬೆಚ್ಚಗಾಗುತ್ತದೆ.

ಇಂಗ್ಲಿಷಿನ ಸಣ್ಣ ಸಣ್ಣ ಪದಗಳ ಮೇಲೆ ಅವರಿಗೆ ವಿಪರೀತ ಅಕ್ಕರೆ. ಗೈಡಿನಲ್ಲಿ ಎರಡು ಪದಗಳಿಗೆ ಒಂದೇ ಕನ್ನಡ ಅರ್ಥ ಕಂಡರೆ ಸಾಕು, "ಹಂಗಾರ ಎರಡೂ ಒಂದ ಏನು? ಒಂದ ಆಗಿದ್ರ ಎರಡ್ಯಾಕ ಇಟ್ಕೊಂತಿದ್ರು?" ಎಂದು ತಕರಾರು ತೆಗೆಯುವರು. ಸೀ, ಲುಕ್, ವಾಚ್ ಮೂರಕ್ಕೂ ನಾವು 'ನೋಡು' ಎಂದು ಬರೆದಿದ್ದೆವು. ತರಗತಿಯನ್ನೇ ಎಬ್ಬಿಸಿ ಹೆದ್ದಾರಿಯಾಚೆಯ ಶೇಂಗಾ ಹೊಲದ ಬದುವಿಗೆ ಕರೆದೊಯ್ದರು. "ಸೀ ಅಂದ್ರ ಕಣ್ಣು ತೆರದಿದ್ರ ಸಾಕು, ತಾನಾಗಿ ಆಗತೈತಿ. ಲುಕ್ ಅಂದ್ರ ಕಣ್ಣನ್ನ ಕಳಸಬೇಕು. ವಾಚ್ ಅಂದ್ರ ಅದನ್ನ ಅಲ್ಲೇ ಕಾವಲಿಗಿ ಕುಂದ್ರಸಬೇಕು, ಹಂದಿ ಬರ್ತಾವಂತ." ಹೊಲದ ಮಕ್ಕಳಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಹೆದ್ದಾರಿಯ ಪಕ್ಕದಲ್ಲೇ ಲಾರಿ ರಿಪೇರಿ ಮಾಡುತ್ತಿದ್ದ ಕಮಾಲಸಾಬರ ಮಗಳಾದ ನನಗೆ ಮನೆಯಲ್ಲಿ ಬಾಯಿ, ಶಾಲೆಯಲ್ಲಿ ಬೀಗ. ಒಂಬತ್ತನೆಯ ತರಗತಿಯಲ್ಲಿ ಒಂದು ದಿನ ಟೀಚರ್ ನನ್ನನ್ನು ಎಬ್ಬಿಸಿ, ನೈಸ್ ಮತ್ತು ಕೈಂಡ್ ಎರಡೂ ಒಂದೇ ಏನು ಎಂದು ಕೇಳಿದರು. ಹಿಂದಿನ ಬೆಂಚಿನ ಗೆಳತಿ ಉತ್ತರವನ್ನು ಪಿಸುಗುಟ್ಟತೊಡಗಿದಳು. ಟೀಚರ್ ಅವಳನ್ನು ಕಣ್ಣಿನಲ್ಲೇ ಸುಮ್ಮನಾಗಿಸಿ ಶೇಂಗಾ ತೆಗೆದರು. ಗಂಟೆ ಹೊಡೆಯಿತು. ಲೆಕ್ಕದ ನಾಗೇಂದ್ರಪ್ಪ ಮೇಷ್ಟ್ರು ಸೀಮೆಸುಣ್ಣ ಹಿಡಿದು ಬಾಗಿಲಿಗೆ ಬಂದರು. ಟೀಚರ್ ತಿರುಗಿಯೂ ನೋಡದೆ ಅಂಗೈ ಎತ್ತಿ ತಡೆದರು. ಮೇಷ್ಟ್ರು ಪಾಪ, ಹೊಸ್ತಿಲಾಚೆಯೇ ನಿಂತರು. ಕೊನೆಗೆ ನನ್ನ ಬಾಯಿಂದ ಹೊರಟದ್ದು ಇಷ್ಟು: "ನಮ್ಮ ಅಬ್ಬಾ ನೈಸ್ ಅಲ್ರಿ, ಎಲ್ಲಾರ್ನೂ ಬೈತಾರ. ಆದ್ರ ಗಾಡಿ ಕೆಟ್ಟು ನಿಂತೋರ್ನ ದಾರ್ಯಾಗ ಬಿಟ್ಟು ಬರಂಗಿಲ್ರಿ."

ಅಂಗೈಯ ಕಾಳನ್ನೆಲ್ಲ ನನ್ನ ಕೈಗೆ ಸುರಿದು ಟೀಚರ್ ಎದ್ದರು. "ಆಕಿ ಹೇಳಿಕೊಡಾಕ ಬಂದ್ಲು, ನೈಸ್ ಅದಾಳ. ನಿನ್ನ ಮಾತು ನಿನ್ನ ಬಾಯಾಗಿಂದ ಬರೋತನಕ ಕಾಯ್ತಾರಲ್ಲ, ಅದು ಕೈಂಡು," ಎಂದರು. ಅಂದು ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ಈಗ ಹರಪನಹಳ್ಳಿಯ ಕಾಲೇಜೊಂದರಲ್ಲಿ ಅದೇ ಇಂಗ್ಲಿಷ್ ಕಲಿಸಿ ಅನ್ನ ತಿನ್ನುತ್ತಿದ್ದೇನೆ.

ನಿವೃತ್ತರಾದ ಮರುವರ್ಷ ಟೀಚರಿಗೆ ಲಕ್ವ ಹೊಡೆಯಿತು. ದಾವಣಗೆರೆಯ ಆಸ್ಪತ್ರೆಯಿಂದ ಮರಳುವ ಹೊತ್ತಿಗೆ ಕಾಲು ಸುಧಾರಿಸಿತ್ತು, ಬಲಗೈ ಸೋತಿತ್ತು. ಮಾತುಗಳು ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತಿದ್ದವು. ನೀರು ಬೇಕಾದಾಗ ಹಾಲು ಎನ್ನುವರು, ಬಾಗಿಲಿಗೆ ಕಿಟಕಿ ಎನ್ನುವರು. ಜೀವಮಾನವಿಡೀ ಪದ ಪದಕ್ಕೂ ವ್ಯತ್ಯಾಸ ತೋರಿಸಿದವರಿಗೆ ಬಂದ ಕಾಯಿಲೆ ಇದಾಯಿತಲ್ಲ ಎಂದು ನಾನು ಅತ್ತೆ. ಅವರ ಜೊತೆಗಿದ್ದವಳು ಅಣ್ಣನ ಮಗಳು ಸಮತಾ, ತಾಲ್ಲೂಕು ಕಚೇರಿಯ ನೌಕರಿ ಮಾಡುತ್ತಲೇ ಅತ್ತೆಯನ್ನು ಕಣ್ಣರೆಪ್ಪೆಯಂತೆ ನೋಡಿಕೊಂಡ ಹುಡುಗಿ. ಅವಳನ್ನು ಟೀಚರ್ 'ರಮಾ' ಎಂದು ಕರೆಯುತ್ತಿದ್ದರು. ರಮಾ ಎಂಬುದು ಹಡಗಲಿಯಲ್ಲಿರುವ ಅವಳ ತಾಯಿಯ ಹೆಸರು. ಸಮತಾ ಓಗೊಡುತ್ತಿದ್ದಳು, ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ನಾನು ಹೋದಾಗ ಅವಳು ಬಾಗಿಲಲ್ಲೇ ಹೇಳಿದಳು: "ಅತ್ತಿ ಈಗೀಗ ಮಾತ ಬಿಟ್ಟಾರಕ್ಕ. ಡಾಕ್ಟ್ರು ನೋಡಿದ್ರ, ಮಾತಾಡ್ತಾ ಇರಬೇಕು, ಬಿಟ್ರ ಪೂರಾ ಹೋಗತೈತಿ ಅಂತಾರ."

ಒಳಗೆ ಕೂತು ನೋಡಿದೆ. ಟೀಚರ್ ಬಾಯಿ ತೆರೆಯುವಷ್ಟರಲ್ಲಿ ನೆರೆಯವರೊಬ್ಬರು "ಚಾ ಬೇಕೇನ್ರಿ?" ಎನ್ನುವರು, ಸಮತಾ "ಫ್ಯಾನ್ ಹಾಕ್ಲೇನತ್ತಿ?" ಎನ್ನುವಳು. ಎಲ್ಲರದ್ದೂ ಪ್ರೀತಿಯೇ. ಆ ಪ್ರೀತಿಯ ಗದ್ದಲದಲ್ಲಿ ಟೀಚರ್ ತುಟಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ಮರುವಾರದಿಂದ ನಾನು ಶೇಂಗಾ ಕಟ್ಟಿಕೊಂಡು ಹೋದೆ.

ಮೊದಲ ವಾರ ಬಂದದ್ದು ಸಿಟ್ಟು ಮಾತ್ರ. ಎಡಗೈಯಿಂದ ಮಂಚ ಗುದ್ದಿದರು. ನಾನು ಸುಲಿಯುತ್ತ ಕೂತೆ. ಮುಂದೆ ಒಂದು ವಾರ ನೀರಿಗೆ ನೀರು ಎಂದರು, ಮತ್ತೊಂದು ವಾರ ಅದೂ ಇಲ್ಲ. ಹೀಗೇ ಹಿಂದುಮುಂದಾಗುತ್ತ ಬೇಸಿಗೆ ಬಂತು. ಆ ಮಧ್ಯಾಹ್ನ ನನಗೇನನ್ನಿಸಿತೋ, ಕುರ್ಚಿಯನ್ನು ಮಂಚದ ಪಕ್ಕಕ್ಕೇ ಎಳೆದುಕೊಂಡು, ಅವರದೇ ದನಿಯಲ್ಲಿ ಕೇಳಿದೆ: "ಟೀಚರ್, ನೈಸ್, ಕೈಂಡ್... ಎರಡೂ ಒಂದ ಏನ್ರಿ?"

ಅವರ ಕಣ್ಣು ನನ್ನ ಮೇಲೆ ನಿಂತಿತು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಹಣೆಯಲ್ಲಿ ಬೆವರು ಮೂಡಿತು. ತಡೆಯಲಾರದೆ ಸಮತಾ ಮುಂದೆ ಬಾಗಿದಳು, ಏನೋ ಹೇಳಿಕೊಡಲು. ನಾನು ತಿರುಗದೆ ಅಂಗೈ ಎತ್ತಿದೆ. ನನ್ನ ಮಡಿಲಲ್ಲಿ ಸಿಪ್ಪೆ ಗುಡ್ಡೆಯಾಯಿತು.

ಟೀಚರ್ ಅಣ್ಣನ ಮಗಳತ್ತ ಬೆರಳು ಚಾಚಿದರು. "ಸ... ಸಮತಾ," ಎಂದರು. ಉಸಿರು ತೆಗೆದುಕೊಂಡು ಮುಗಿಸಿದರು: "ಸಮತಾ... ಎರಡೂ."

ಹುಡುಗಿ ಈ ಸಲ ಅಡುಗೆಮನೆಗೆ ಓಡಲಿಲ್ಲ, ಅಲ್ಲೇ ಅವರ ಮಡಿಲಿಗೆ ಮುಖವಿಟ್ಟು ಅತ್ತಳು. ಟೀಚರ್ ಅವಳ ತಲೆ ಸವರಿದರು; ಆಮೇಲೆ ಅದೇ ಎಡಗೈಯನ್ನು, ಏನೋ ಮರೆತಿದ್ದೀಯಲ್ಲ ಎಂಬ ಗತ್ತಿನಲ್ಲಿ, ನನ್ನ ಮುಂದೆ ಚಾಚಿದರು. ಸುಲಿದ ಕಾಳನ್ನೆಲ್ಲ ಸುರಿದೆ. ಬಹಳ ತಡವಾಗಿ ಬಂದ ಉತ್ತರವಲ್ಲವೇ, ಕಾಳು ಹಿಡಿ ತುಂಬಿ ಮಂಚದ ಮೇಲೂ ಚೆಲ್ಲಿತು.

ನಮ್ಮ ಸೀಮೆಯ ಶಾಲೆಗಳಲ್ಲಿ ಇಂಥವರು ಈಗಲೂ ಕೆಲವರಿದ್ದಾರೆ. ಪಾಠ ಮುಗಿಸುವ ಧಾವಂತದಲ್ಲಿ ಎಲ್ಲರೂ ಓಡುವಾಗ, ಮಾತು ಸಿಗದೆ ನಿಂತ ಮಗುವಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುವವರು. ಅವರನ್ನು ಕರೆದು ಶಾಲು ಹೊದಿಸಿದವರಿಲ್ಲ. ಆದರೂ ನಾವು ನಾಲ್ಕು ಜನರೆದುರು ನಿಂತು ನಮ್ಮದೇ ಮಾತು ಆಡಿದಾಗಲೆಲ್ಲ, ಆ ಮಾತಿನ ಹಿಂದೆ ಅವರು ಕಾದ ಹೊತ್ತು ಇರುತ್ತದೆ. ಆ ಹೊತ್ತನ್ನು ತಿರುಗಿ ಕೊಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತು.