ಧೂಪಕ್ಕೆ ಬಿದ್ದ ಮೆಣಸಿನಕಾಯಿ

ಹಲಗೇರಿ ದಾಟಿ ಒಳಗೆ ಹೊರಳಿದರೆ ಸಿಗುವ ಆ ಊರಿನ ಚರ್ಚು ಎಷ್ಟು ಹಳೆಯದೆಂದರೆ, ಅದಕ್ಕೆ ಕಲ್ಲು ಹೊತ್ತವರ ಮರಿಮಕ್ಕಳ ಮರಿಮಕ್ಕಳಿಗೂ ಇನ್ನೂ ಸೊಂಟನೋವು ಹೋಗಿಲ್ಲ. ಅದರ ಗಂಟೆ ಬಾರಿಸಿದರೆ ತುಂಗಭದ್ರೆಯ ಮೀನುಗಳು ತಲೆಯೆತ್ತಿ ನೋಡುತ್ತಿದ್ದವು. ಸುಳ್ಳೆನ್ನುವವರು ಹೋಗಿ ಮೀನುಗಳನ್ನೇ ಕೇಳಬಹುದು.

ಅಂಥ ಚರ್ಚಿಗೆ ಬೀಗ ಬೀಳುವ ಹೊತ್ತು ಬಂದಿತ್ತು. ಕ್ರೈಸ್ತರ ಮನೆಗಳು ಒಂದೊಂದಾಗಿ ರಾಣೆಬೆನ್ನೂರು ಸೇರಿ, ಭಾನುವಾರದ ಪೂಜೆಗೆ ಗುಬ್ಬಿಗಳೇ ಹೆಚ್ಚಾಗಿದ್ದವು. ಪೂಜೆ ಇಲ್ಲಿ ಮುಂದುವರಿಯಬೇಕೋ ಬೇಡವೋ ಎಂದು ನೋಡಲು ಬಿಷಪ್ಪರ ಕಡೆಯಿಂದ ದೊಡ್ಡ ಗುರುಗಳು ಬರುವವರಿದ್ದರು. ಕಸ ಹೊಡೆದು, ಧೂಪಕ್ಕೆ ಕೆಂಡ ಮಾಡಿಕೊಡುತ್ತಿದ್ದ ರೋಜವ್ವನಿಗೆ ಅನ್ನ ಸೇರುತ್ತಿರಲಿಲ್ಲ. ಗಂಡನನ್ನು ಅವಳು ಮಣ್ಣು ಮಾಡಿದ್ದು ಇದೇ ಅಂಗಳದಲ್ಲಿ.

"ಗುಡಿಗೆ ಯಾರದೋ ಕಣ್ಣು ಬಿದ್ದೈತೋ ಹಾಲಸಿದ್ದಪ್ಪ," ಅಂದಳು ಪಕ್ಕದ ಮನೆಯವನಿಗೆ.

"ಕಣ್ಣು ಬೀಳಾಕ ನೋಡೋ ಮಂದಿಯರ ಬೇಕಲ್ಲಬೇ ಯವ್ವಾ. ಚಿಂತಿ ಬಿಡು, ಆವತ್ತು ಊರಿಗೆ ಊರನ್ನ ತಂದು ಕುಂದ್ರಸ್ತೀನಿ."

ಹೇಳಿದಂತೆ ಮಾಡಿದ. ಗುರುಗಳು ಬಂದ ಭಾನುವಾರ ಹಣೆಯ ವಿಭೂತಿ ಒರೆಸಿಕೊಂಡು ತಾನೇ ಮುಂದಿನ ಬೆಂಚು ಹಿಡಿದ. ಅವನ ಹಿಂದೆ ಹಸೀನಾಬಿ, ಅವಳ ಹಿಂದೆ ಇಡೀ ಓಣಿ. ಗುರುಗಳ ಮುಖ ಅರಳಿದ್ದು ಹಾವೇರಿಯವರೆಗೂ ಕಾಣುವಂತಿತ್ತು.

ರೋಜವ್ವ ಮಾತ್ರ ಬರೀ ಜನವನ್ನು ನಂಬಿ ಕೂಡುವವಳಲ್ಲ. ಬೆಳಗಾಗುವ ಮೊದಲೇ ಹಿಡಿ ಬ್ಯಾಡಗಿ ಮೆಣಸಿನಕಾಯಿಯನ್ನು ಚರ್ಚಿನ ಸುತ್ತ ನಿವಾಳಿಸಿ ಇಟ್ಟಿದ್ದಳು. ಈಗ ಅದನ್ನು ಧೂಪದ ಕೆಂಡದ ಮೇಲೆ ಸುರಿದಳು. ಘಾಟು ಏಳದಿದ್ದರೆ ದೃಷ್ಟಿ ಇತ್ತು, ಹೋಯಿತು ಎಂದು ಅರ್ಥ.

ಗುರುಗಳು ಧೂಪ ಬೀಸಿದರು.

ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎನ್ನುವವರು ಆವತ್ತು ಅಲ್ಲಿರಬೇಕಿತ್ತು. ಪಾರಿವಾಳಗಳು ಸೀನಿದವು. ಅತ್ತ ಅಗಡಿಯ ಬಸ್ಸಿನಲ್ಲಿ ಕೂತವರೂ ಮೂಗು ಒರೆಸಿಕೊಂಡರಂತೆ. ಜನವೆಲ್ಲ ಕೆಮ್ಮುತ್ತ ಅಂಗಳಕ್ಕೆ ಬಿತ್ತು. ಉಸಿರು ಕಟ್ಟಿದಾಗ ಮನುಷ್ಯ ತನ್ನ ದೇವರನ್ನೇ ಕರೆಯುತ್ತಾನೆ. "ಶಿವಶಿವಾ," ಎಂದ ಹಾಲಸಿದ್ದಪ್ಪ. "ಯಾ ಅಲ್ಲಾ," ಎಂದಳು ಹಸೀನಾಬಿ. ಮೈಲಾರಲಿಂಗ, ಎಲ್ಲವ್ವ, ಬಸವಣ್ಣ ಎಲ್ಲರೂ ಬಂದುಹೋದರು. "ಯೇಸಪ್ಪಾ" ಎಂದದ್ದು ಒಂದೇ ದನಿ. ಅದು ರೋಜವ್ವನದು.

ಗುರುಗಳು ಕಣ್ಣೊರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಇಲ್ಲಿ ನಮ್ಮವರು ನೀವೊಬ್ಬರೇ ಏನಮ್ಮ?"

"ಎಲ್ಲಾರೂ ನಮ್ಮವರ ಅದಾರ್ರಿ, ಗುರುಗಳ."

ಅವರು ಕರವಸ್ತ್ರ ಮಡಚಿ ಕಿಸೆಗಿಟ್ಟರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಮುಂದಿನ ವಾರದಿಂದ ಪೂಜೆ ರಾಣೆಬೆನ್ನೂರಿನಲ್ಲೇ. ನಿಮಗೆ ಗಾಡಿ ಕಳಿಸುತ್ತೇವೆ," ಎಂದು ಮೆಲ್ಲಗೆ ಹೇಳಿ ಕಾರು ಹತ್ತಿದರು.

ಹಾಲಸಿದ್ದಪ್ಪ ತಲೆ ತಗ್ಗಿಸಿ ಹತ್ತಿರ ಬಂದ. "ಹೋಗ್ಲಿ ಬಿಡಬೇ. ಇಷ್ಟು ಘಾಟು ಬಂತಂದ್ರ ಗುಡಿಗೆ ದೃಷ್ಟಿ ಆಗಿಲ್ಲ ಅಂದಂಗಾತು."

"ಆಗಿದ್ದರ ಚಲೋ ಇತ್ತೋ," ಅಂದಳು ರೋಜವ್ವ. "ದೃಷ್ಟಿ ಆಗಿದ್ದರ ತೆಗೀತಿದ್ದೆ."